ಹಿತ್ತಾಳೆ ಜಿಪ್ಪು

ಮೂವತ್ತು ವರ್ಷದಿಂದ ಆತನ ಕೈ ನೀಲಿ.
ಕೌಲ್ ಬಜಾರಿನ ವಾಷಿಂಗ್ ಯೂನಿಟ್ಟಿನಿಂದ ಬಂದು
ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ
ಉಗುರ ಸಂದಿ ಬಿಡದ ನೀಲಿ;
ಮದುವೆಯ ಅರಿಶಿಣಕ್ಕೂ ಸೋತಿರಲಿಲ್ಲ.

ಈ ಸಲ ಯುಗಾದಿ ಕಳೆದ ಮೇಲೆ ಹಳದಿ ಬಂತು.
ಮೊದಲು ಕಣ್ಣಿಗೆ, ಆಮೇಲೆ ಬನಿಯನ್ನಿಗೆ, ದಿಂಬಿಗೆ.
ಉಚ್ಚೆ ಕಡುಚಹಾ, ಮಲ ಸುಣ್ಣದ ಉಂಡೆ.
ಕಾಮಾಲೆ ಅಂದರು. ಸಂಡೂರು ರಸ್ತೆಯ ಮುದುಕಿ
ಎಲೆ ಅರೆದು ಕುಡಿಸಿ, ಉಪ್ಪು ಬಿಡಿಸಿ,
ಮುಂಗೈಗೆ ಬರೆ ಎಳೆದಳು.
ಬರೆ ಮಾಯ್ದಿತು.

ತುರಿಕೆಯದೇ ದೊಡ್ಡ ಹಿಂಸೆ.
"ಚರ್ಮದ ಕೆಳಗ ಇರುವಿ ಹರಿದಂಗಾಗ್ತೈತಿ, ಸುಂಕಮ್ಮಾ."
ಬಾಚಣಿಗೆ ಆಯಿತು, ತೆಂಗಿನ ನಾರಾಯಿತು,
ಒಂದು ರಾತ್ರಿ ನೋಡಿದರೆ ಕೈಯಲ್ಲಿ
ಪ್ಯಾಂಟಿನ ತೊಡೆ ಮಾಸಲು ಮಾಡುವ ಸ್ಯಾಂಡ್‌ಪೇಪರು.
ಕಿತ್ತುಕೊಂಡೆ. ಅವತ್ತಿನಿಂದ ನನ್ನ ಉಗುರೇ:
ಎರಡಕ್ಕೆ, ಮೂರಕ್ಕೆ, ನಾಲ್ಕೂವರೆಗೆ.

ದೊಡ್ಡಾಸ್ಪತ್ರೆಯಲ್ಲಿ ನರ್ಸು
"ಎರ್ರಿಸ್ವಾಮಿ ಯಾರು?" ಅಂದಾಗ
ನಾನೇ ಎದ್ದು ನಿಂತೆ.
ಮೆಟ್ಟಿಲ ಹತ್ತಿರ ಕರೆದು ನನಗಷ್ಟೇ ಹೇಳಿದ್ದರು,
ಗಡ್ಡೆಯ ಹೆಸರು, ತೆಗೆಯಲಾಗದ ಅದರ ಜಾಗ.
ಒಳಗೆ, ಆತನ ಮುಂದೆ,
ಸ್ಕ್ಯಾನಿನ ಕವರಿನ ಮೇಲೆ ಚಿತ್ರ ಬರೆದರು:
ಇದು ಪಿತ್ತದ ನಾಳ, ಇಲ್ಲಿ ಹಿಸುಕಿಕೊಂಡಿದೆ,
ಬಾಯಿಂದ ಇಳಿದು ಹೋಗಿ ಪೈಪು ಕೂರಿಸೋಣ.
ಪ್ಲಾಸ್ಟಿಕ್ಕಾದರೆ ಮೂರು ತಿಂಗಳಿಗೆ ಕಟ್ಟಿಕೊಳ್ಳುತ್ತೆ,
ಲೋಹದ್ದು ದುಬಾರಿ, ಆದರೆ ಬಾಳಿಕೆ ಬರುತ್ತೆ.

ಬಾಳಿಕೆ.
ನಾನು ಮನಸ್ಸಲ್ಲೇ ಓಲೆ ತೂಗುತ್ತಿದ್ದೆ.
ಆತ ನಕ್ಕ.
"ಸಾರ್, ಅಗ್ಗದ ಪ್ಯಾಂಟಿಗೆ ನಾವು
ಹಿತ್ತಾಳಿ ಜಿಪ್ಪು ಹಾಕಲ್ರೀ.
ಬಟ್ಟಿ ಹರಿದ ಮ್ಯಾಲೂ ಜಿಪ್ಪು ಗಟ್ಟಿ ಇದ್ರ
ಯಾರಿಗೇನು ಲಾಭ?"

ಯಾರೂ ಹೇಳಿರಲಿಲ್ಲ ಆತನಿಗೆ.
ಡಾಕ್ಟರು ಪೆನ್ನಿಗೆ ಕ್ಯಾಪು ಹಾಕಿದರು, ತೆಗೆದರು.
"ಹಿತ್ತಾಳಿದೇ ಹಾಕ್ರಿ" ಅಂದೆ,
ನನ್ನ ದನಿ ನನಗೇ ಜಗಳದಂತೆ ಕೇಳಿಸಿತು.

ಹದಿನೈದು ದಿನಕ್ಕೆ ಕಣ್ಣು ಬೆಳ್ಳಗಾದವು.
ಓಣಿಯವರು ವಾಸಿಯಾಯಿತಲ್ಲ ಅಂದರು, ಹೂಂ ಅಂದೆ.
ಸಂಜೆ ಮಿರ್ಚಿ ಬೇಕು ಅಂದ; ತರಿಸಿದರೆ
ತೊಟ್ಟು ಹಿಡಿದು ಬಿಸಿ ನೋಡಿ
ನನ್ನ ತಟ್ಟೆಗಿಟ್ಟ.
ಉಗುರ ಸಂದಿಯ ನೀಲಿ ಮತ್ತೆ ಕಾಣುತ್ತಿತ್ತು.

ಈಗ ರಾತ್ರಿಯೆಲ್ಲ ನಿದ್ದೆ ಮಾಡುತ್ತಾನೆ.
ಎರಡು ಗಂಟೆಗೆ ಏಳುವುದು ನನ್ನ ಕೈ ಮಾತ್ರ.
ಕತ್ತಲಲ್ಲಿ ಆತನ ಬೆನ್ನು ಹುಡುಕಿ ಹೋಗಿ
ಕೆರೆಯುವಂಥದ್ದು ಏನೂ ಇಲ್ಲದೆ
ಅಲ್ಲೇ ಇರುತ್ತದೆ.