ನಾಲ್ಕನೇ ಜ್ವರ

ರಾತ್ರಿ ಪಾಳಿ ನನ್ನದು. ಎಂಟಕ್ಕೆ ಬಂದು
ಮಂಚದ ಕಂಬಿ ಎತ್ತಿಸಿ, ಬಚ್ಚಲ ನೆಲ ಒಣಬಟ್ಟೆಯಲ್ಲಿ ಒರೆಸಿ,
ಹಲ್ಲಿನ ಸೆಟ್ಟುಗಳನ್ನು ಹೆಸರು ಬರೆದ ಲೋಟಗಳಿಗೆ ಹಾಕಿ
ಹದಿನಾಲ್ಕು ತಲೆ ಎಣಿಸುತ್ತೇನೆ.
ಆಷಾಢದಲ್ಲಿ ಎರಡು ಸಲ ಹದಿಮೂರೇ ಆಯಿತು.

ಬಯ್ಯಣ್ಣನ ಮಂಚದಲ್ಲಿ ಕಂಬಳಿ ಮಾತ್ರ ಬೆಚ್ಚಗಿತ್ತು.
ನಾಲ್ಕು ಗಂಟೆಯ ಕತ್ತಲಲ್ಲಿ ದಿಬ್ಬೂರಹಳ್ಳಿ ರಸ್ತೆ ಹಿಡಿದು
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ನಡೆದಿದ್ದ.
ಯಾರದೋ ಜಾಲರಿಗೆ ಕೈ ಹಾಕಿ
ಗೂಡೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತ ನಿಂತಿದ್ದ,
ಹತ್ತು ವರ್ಷದಿಂದ ಏನೂ ಕೇಳದ ಕಿವಿ.

ಎರಡನೇ ಭಾನುವಾರ ಮನೆಯವರ ಸಭೆ.
ಕುರ್ಚಿ ಸಾಲದೆ ಅರ್ಧ ಜನ ನಿಂತೇ ಟೀ ಕುಡಿದರು.
"ಬೀಗ ಹಾಕಿ," ಅಂದ ಬಯ್ಯಣ್ಣನ ಅಳಿಯ,
"ಲಾರಿ ಓಡಾಡೋ ರಸ್ತೆ. ಏನಾದರೂ ಆದರೆ ಯಾರು ಹೊಣೆ?"
ಅಂದು, ನನ್ನ ಕಡೆ ನೋಡಿದ.
ತಪ್ಪಲ್ಲ ಅವನ ಮಾತು. ಬೀಗದ ಕೈಯನ್ನು
ನಾನಾಗಲೇ ಸೆರಗಿನ ತುದಿಗೆ ಗಂಟು ಹಾಕಿದ್ದೆ.

ಆಗ ಖಮರುನ್ನೀಸಾ ಬೂಬಮ್ಮ
ಎರಡೂ ಕೈ ಮೇಜಿನ ಮೇಲಿಟ್ಟರು.
ನಲವತ್ತು ವರ್ಷ ಕುದಿನೀರಲ್ಲಿ ಎಳೆ ಹುಡುಕಿದ ಬೆರಳು,
ಗೆರೆ ಸವೆದು ಆಧಾರ್ ಮಿಷನ್ನೂ ಗುರುತು ಹಿಡಿಯದ ಬೆರಳು.
"ನಮ್ಮ ಫಿಲೇಚರಿಗೂ ಹೊರಗಿಂದ ಬೀಗ ಇತ್ತು.
ಹುಡುಗೀರು ಬೇಗ ಮನೆಗೆ ಹೋಗಬಾರದು ಅಂತ.
ಹೊಗೆ ತುಂಬಿದ ದಿನ ಬೀಗದ ಕೈ ಮಾಲೀಕರ ಜೇಬಲ್ಲಿ,
ಮಾಲೀಕರು ಯಾವುದೋ ಮದುವೇಲಿ."
ಅಷ್ಟೇ ಹೇಳಿ ಬಿಸ್ಕತ್ತು ಅದ್ದಿಕೊಂಡರು.

ಬೀಗ ಬರಲಿಲ್ಲ. ಗೇಟಿಗೆ ಹಸುವಿನ ಗಂಟೆ ಕಟ್ಟಿದೆವು.

ಮಾರನೇ ವಾರ ಬಯ್ಯಣ್ಣನ ಮೊಮ್ಮಗಳು ಶಿರೀಷ
ಎರಡನೇ ಜ್ವರ ಎದ್ದ ಹುಳ ಒಂದು ತಟ್ಟೆ ತಂದಳು,
ಸ್ಕೂಟಿಯ ಮುಂದೆ, ದುಪಟ್ಟಾ ಹೊದಿಸಿ.
"ನಾಲ್ಕು ಗಂಟೆಗೆ ತಾತನಿಗೆ ಕೆಲಸ ಬೇಕು ಕಣಕ್ಕ, ಇನ್ನೇನಿಲ್ಲ."

ಜಗಳ ಶುರುವಾಯಿತು.
ಸೊಳ್ಳೆಬತ್ತಿ ಹಚ್ಚೋ ಹಾಗಿಲ್ಲ, ಊದುಬತ್ತಿ ಇಲ್ಲ,
ಫಿನಾಯಿಲ್ ಆ ಕಡೆ ಸುಳಿಯೋ ಹಾಗಿಲ್ಲ,
ಶೆಟ್ಟರ ನಶ್ಯದ ಡಬ್ಬಿ ನನ್ನ ವಶ.
ಸೊಳ್ಳೆ ಕಚ್ಚಿಸಿಕೊಂಡು ಎಲ್ಲರೂ ಬಯ್ದರು,
ಬಯ್ಯುತ್ತಲೇ, ಇರುವೆ ಹತ್ತದ ಹಾಗೆ
ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು ಇಟ್ಟರು.
ಬಯ್ಯಣ್ಣ ನಾಲ್ಕಕ್ಕೆ ಏಳುತ್ತಾನೆ, ಸೊಪ್ಪು ಹರಡಿ
ತಟ್ಟೆಯ ಅಡಿಗೆ ಅಂಗೈ ಹಿಡಿಯುತ್ತಾನೆ.
ಮೇಯುವ ಸದ್ದು ಅವನಿಗೆ ಅಲ್ಲಿಂದ ಏರುತ್ತದೆ.

ಸೊಪ್ಪು ದಿನಾ ಬೇಕಲ್ಲ.
ಮೊದಲು ಒಂದು ಹಿಡಿ, ಆಮೇಲೆ ಮಡಿಲು, ಆಮೇಲೆ ಚೀಲ.
ತಿಂಗಳಿಗೊಮ್ಮೆ ಕಾಣುತ್ತಿದ್ದ ಮುಖಗಳು
ಮಂಗಳವಾರ, ಗುರುವಾರ, ಹೊತ್ತಲ್ಲದ ಹೊತ್ತು.
ಮಳ್ಳೂರಿಂದ ಒಂದು ಕಂತೆ, ಬೂಬಮ್ಮನ ಮಗನ ಆಟೋದಲ್ಲಿ ಒಂದು.
ಗೇಟಿನ ಪುಸ್ತಕದ "ಬಂದ ಕಾರಣ" ಕಾಲಮ್ಮಿನಲ್ಲಿ
ಸೊಪ್ಪು, ಸೊಪ್ಪು, ಅದೇ, ಅದೇ.
ಬಂದವರು ಕೂರುತ್ತಾರೆ. ಕೂತವರು ಯಾರದಾದರೂ ಉಗುರು ಕತ್ತರಿಸುತ್ತಾರೆ.
ಬಚ್ಚಲ ಕಂಬಿ ಅಲುಗುತ್ತಿದೆಯೆಂದು ಒಬ್ಬ ಸ್ಕ್ರೂ ಬಿಗಿಸಿದ.
ಮೂರು ತಿಂಗಳಿಂದ ಅದು ನನ್ನ ದೂರು.

ಹುಳ ನಾಲ್ಕನೇ ಜ್ವರಕ್ಕೆ ಕೂತವು.
ತಲೆ ಎತ್ತಿ, ಮೇವು ಬಿಟ್ಟು, ಉಸಿರೂ ಇಲ್ಲವೇನೋ ಅನ್ನುವ ಹಾಗೆ.
ಅದೇ ಸಂಜೆ ಅಕ್ಕಯ್ಯಮ್ಮ
ಗಂಜಿ ಬೇಡವೆಂದು ಗೋಡೆಗೆ ತಿರುಗಿದಳು.
ಥರ್ಮಾಮೀಟರ್ ಇಟ್ಟು, ಚಾರ್ಟಿನಲ್ಲಿ "ಜ್ವರವಿಲ್ಲ" ಎಂದು ಬರೆದೆ.
ಬಯ್ಯಣ್ಣ ಇಣುಕಿ ನೋಡಿದ.
"ಜ್ವರಾನೇ ಅದು. ಅಲುಗಿಸಬ್ಯಾಡ.
ಹಳೇ ಚರ್ಮ ಬಿಡೋಕೆ ಹೊತ್ತು ಹಿಡೀತದೆ."
ಡಾಕ್ಟರಿಗೆ ಫೋನ್ ಮಾಡಿಯೇ ಮಾಡಿದೆ.
ಆಮೇಲೆ, ಅಲುಗಿಸದೆ, ಪಕ್ಕದಲ್ಲಿ ಕೂತೆ.

ಬೆಳಕು ಹರಿಯುವ ಮೊದಲು ಗೇಟಿನ ಗಂಟೆ ಆಡಿತು.
ಓಡುತ್ತಲೇ ಎಣಿಸಿದೆ: ಹದಿನಾಲ್ಕು. ಯಾರೂ ಹೋಗಿಲ್ಲ.
ಯಾರೋ ಬಂದಿದ್ದಾರೆ.
ಬಯ್ಯಣ್ಣನ ಅಳಿಯ, ಬರಿಗೈಲಿ.
"ಇವತ್ತು ಸೊಪ್ಪು ಬೇಡಪ್ಪ, ಜ್ವರಕ್ಕೆ ಕೂತವೆ."
"ಗೊತ್ತು," ಅಂದ.
ಪುಸ್ತಕ ತೆಗೆದು, ಪೆನ್ನು ಹಿಡಿದು
ಬಹಳ ಹೊತ್ತು ನಿಂತ.
ಕೊನೆಗೆ ಸಮಯ ಮಾತ್ರ ಬರೆದ:
ಐದು ಹತ್ತು.