ತನಿಯಪ್ಪ ಊದಿದ್ದು, ಆರು ತಂತಿಗೆ

ಸುಂಟಿಕೊಪ್ಪದ ಆಟೋಗಳೆಲ್ಲ ಎರಡು ವರ್ಷ
ಇದನ್ನೇ ಕಿರುಚಿಕೊಂಡು ತಿರುಗಿದವು.
ಹಿಂದೆ ಡಬಡಬ, ಮುಂದೆ ಯಾವನೋ ಹುಡುಗನ ಹಟ,
ಬಾ ಅನ್ನುವ ಮಾತು ಹದಿನಾರು ಸಲ.
ನನಗೆ ಆಗಿಬರುತ್ತಿರಲಿಲ್ಲ.

ಆಮೇಲೆ ಮಾದಾಪುರದಲ್ಲಿ ಆ ಮದುವೆ.
ಪಂದಿಕರಿಯ ಪಾತ್ರೆ ತಳ ಕಂಡು,
ಕುಣಿದವರು ಸುಸ್ತಾಗಿ ಜೀಪು ಹತ್ತಿದ ಮೇಲೆ
ವಾಲಗದ ತನಿಯಪ್ಪ, ಯಾರೂ ಕೇಳದೆ,
ಕುರ್ಚಿ ಮಡಚುವ ಸದ್ದಿನ ನಡುವೆ
ಅದೇ ಹಾಡನ್ನು ಎತ್ತಿಕೊಂಡ.
ಡೋಲಿಲ್ಲ, ಮಾತಿಲ್ಲ, ಅವಸರವಂತೂ ಇಲ್ಲವೇ ಇಲ್ಲ.
ಬರುವುದಿಲ್ಲವೆಂದು ಗೊತ್ತಿದ್ದೂ
ಅಗುಳಿ ಹಾಕದೆ ಮಲಗಿದವರ ಹಾಗಿತ್ತು
ಆ ಬಾ.

ಫೋನಿನಲ್ಲಿದೆ: ಮೂರು ನಿಮಿಷ, ಹನ್ನೊಂದು ಸೆಕೆಂಡು.

ಇದು ಒಂಬತ್ತನೇ ರಾತ್ರಿ.
ಕಾಫಿ ವರ್ಕ್ಸಿನ ತೂಕದ ಚೀಟಿಗಳ ಬೆನ್ನಿಗೆ
ಬರೆಯುತ್ತೇನೆ, ಹೊಡೆದುಹಾಕುತ್ತೇನೆ.
ಈ ಕಡೆ ರೋಬಸ್ಟಾ ಚೆರ್ರಿ, ಐವತ್ತೆರಡು ಕೆ.ಜಿ.
ಆ ಕಡೆ ಎರಡನೇ ತಂತಿ, ಐದನೇ ಮನೆಯಿಂದ ಜಾರು.
ಅವನದು ಉಸಿರು, ನನ್ನದು ಮೀಟು.
ಅವನು ಹಿಡಿದಷ್ಟು ಹೊತ್ತು ಸ್ವರ ನಿಂತಿರುತ್ತದೆ;
ನನ್ನದು ಹುಟ್ಟಿದ ಗಳಿಗೆಯಿಂದಲೇ ಸಾಯತೊಡಗುತ್ತದೆ.
ತಂತಿ ಎಳೆದೆ. ಜಾರಿಸಿದೆ.
ಬೇಗಬೇಗ ಮೀಟಿ ತುಂಬಿಸಲು ಹೋದೆ,
ಕುದಿವ ಪಾತ್ರೆಯ ಮುಚ್ಚಳದಂತೆ ಅದುರಿತು.
ಕ್ವಾಯರಿಗೆ ಬಾರಿಸಿ ಬಾರಿಸಿ ಕೆಟ್ಟ ಕೈ,
ಖಾಲಿ ಕಂಡಲ್ಲೆಲ್ಲ ಆರೂ ತಂತಿ ಸವರುವ ಚಾಳಿ.
ಗೋಡೆಯಾಚೆಯಿಂದ ಅತ್ತಿಗೆ:
"ಲವೀನಾ, ಇದು ಯಾವ ಪೂಜೆಯ ಹಾಡು?"

ಸಂತೆಯಲ್ಲಿ ಸಿಕ್ಕಿದ, ಒಣಮೀನಿನ ಚೌಕಾಸಿಯಲ್ಲಿ.
ಕೇಳಿಯೇಬಿಟ್ಟೆ: ನಾಲ್ಕನೇ ಸಾಲಿನ ತುದಿಯಲ್ಲಿ
ಹಾಗೆ ತುಂಡರಿಸಿ, ತಡೆದು, ಮತ್ತೆ ಎತ್ತಿಕೊಂಡದ್ದು,
ಅದನ್ನು ಎಲ್ಲಿ ಕಲಿತದ್ದು ಮಾರಾಯ?
"ಕಲಿಯುವುದೆಂಥದು? ಅಲ್ಲಿ ದಮ್ಮು ಮುಗಿದಿತ್ತು.
ಬೀಡಿಯ ಎದೆ."
ನಂಗಿನ ಬೆಲೆ ಹತ್ತು ರೂಪಾಯಿ ಇಳಿಯಿತು.

ರಾತ್ರಿ ಕಿವಿಗೆ ಒತ್ತಿಕೊಂಡು ಕೇಳಿದೆ.
ಹೌದು. ಸ್ವರ ಸವೆದು, ಹರಿದು,
ಒಂದು ಕುರ್ಚಿ ಟಪ್ಪೆಂದು,
ಅವನು ಗಾಳಿ ಎಳೆದುಕೊಳ್ಳುವ ಸದ್ದು.
ನಾನು ಒಂಬತ್ತು ರಾತ್ರಿ ಮುಚ್ಚಲು ಹೊರಟದ್ದು
ಈ ತೂತನ್ನು.

ಈಗ ನಾಲ್ಕನೇ ಸಾಲಿನ ತುದಿಗೆ
ಒಂದೇ ಒಂದು ಸಲ ಮೀಟುತ್ತೇನೆ.
ಸಾಯಲಿ ಎಂದು ಬಿಡುತ್ತೇನೆ, ಪೂರ್ತಿ.
ಎಣಿಸುವುದಿಲ್ಲ. ನನಗೆ ಉಸಿರು ಬೇಕೆನಿಸಿದಾಗ
ಎಳೆದುಕೊಂಡು, ಮುಂದಿನ ತಂತಿಗೆ.

ಉಳಿದದ್ದು ಹೆಚ್ಚುಕಡಿಮೆ ಕೈಗೆ ಕೂತಿದೆ.
ಆ ಕುರ್ಚಿಯ ಟಪ್ಪಿಗೆ ಮಾತ್ರ
ಇನ್ನೂ ಬೆರಳು ಸಿಕ್ಕಿಲ್ಲ.