ಕಾಯುವವರಿಲ್ಲದ ಅಂಗಡಿ

ವಿವೇಕದಿಂದ ಬಾಳಿದವರಿಗೆ ಸಿಗುವುದೇನು ಎಂದು
ಹೋದ ಭಾನುವಾರ ಕೇಳಿದಿರಲ್ಲ, ಪಾಸ್ಟರ್,
ಮೂರನೆಯ ಬೆಂಚಿನಲ್ಲಿದ್ದೆ ನಾನು, ದಾರ್ಛುಂಗಿ.
ಕೈ ಎತ್ತಲಿಲ್ಲ. ಎತ್ತಿದರೆ ಎದ್ದು ನಿಲ್ಲಬೇಕು, ಮಂಡಿ ನೋವು.
ಈಗ ಹೇಳುತ್ತೇನೆ, ಟೀ ಆರುವುದರೊಳಗೆ.

ಸೇಲಿಂಗಿನ ತಿರುವು ದಾಟಿದರೆ
ಹೊಲ ಹೆದ್ದಾರಿಗೆ ಬೆನ್ನು ಹಾಕಿದೆ, ಅಂಗಡಿ ಮುಖ ಕೊಟ್ಟಿದೆ.
ಅಂಗಡಿಯೆಂದರೆ ನಾಲ್ಕು ಬಿದಿರ ಗಳ, ಮೇಲೊಂದಿಷ್ಟು ಹುಲ್ಲು,
ಸಾಸಿವೆ ಸೊಪ್ಪಿನ ಕಟ್ಟು, ಕುಂಬಳದ ಹೋಳು, ಕಳಲೆ,
ರಟ್ಟಿನ ಮೇಲೆ ಇದ್ದಿಲಲ್ಲಿ ಬರೆದ ಬೆಲೆ,
ಹಾಲುಪುಡಿಯ ಹಳೇ ಡಬ್ಬಿ.
ನಾನು ಮಾತ್ರ ಇಲ್ಲ.
ಕೆಳಗೆ ಇಳಿಜಾರಿನಲ್ಲಿ ಕಳೆ ಕೀಳುತ್ತಿರುತ್ತೇನೆ.

ಮೊದಮೊದಲು ಇದು ಭಕ್ತಿಯಲ್ಲ, ಲೆಕ್ಕ.
ಕೂತು ಕಾದರೆ ಕಳೆ ಬೆಳೆಯುತ್ತದೆ,
ಕಳೆ ಕಿತ್ತರೆ ಒಂದೆರಡು ಕಟ್ಟು ಸೊಪ್ಪು ಕಳುವಾದೀತು.
ಯಾವುದು ಅಗ್ಗ, ನೀವೇ ಹೇಳಿ.
ದೇವರು ಈ ಲೆಕ್ಕಕ್ಕೆ ಆಮೇಲೆ ಬಂದ,
ಊಟದ ಹೊತ್ತಿಗೆ ಬರುವ ನೆಂಟನ ಹಾಗೆ.

ಸಿಲ್ಚಾರಿನ ಲಾರಿಯವನೊಬ್ಬ ಹಾರ್ನ್ ಹೊಡೆದೂ ಹೊಡೆದೂ
ಕೊನೆಗೆ ಮೇಲಿನಿಂದ ಕೂಗಿದ: ಐನೂರರ ನೋಟು, ಚಿಲ್ಲರೆ?
ಡಬ್ಬಿಯಲ್ಲಿದೆ, ತೆಗೆದುಕೋ ಎಂದೆ, ತಲೆಯೆತ್ತದೆ.
ಬಹಳ ಹೊತ್ತು ಸದ್ದಿಲ್ಲ. ಬೆಟ್ಟವೇ ಉಸಿರು ಹಿಡಿದಂತಿತ್ತು.
ಸಂಜೆ ಎಣಿಸಿದರೆ ಪೈಸೆಗೆ ಪೈಸೆ ಸರಿ.
ಮುಚ್ಚಳದ ಮೇಲೆ ಗ್ರೀಸಿನ ಬೆರಳಚ್ಚು, ಅದೊಂದು ಹೆಚ್ಚುವರಿ.

ಇನ್ನೊಮ್ಮೆ ಡಬ್ಬಿಯನ್ನೇ ಹೊತ್ತೊಯ್ದರು.
ಮಗ ಹ್ಮಿಂಗ ಬೀಗ ತಂದ, ಸರಪಳಿ ತಂದ,
ಕಾಲ ಕೆಟ್ಟಿದೆ ಎಂದ.
ನಾನು ಇನ್ನೊಂದು ಡಬ್ಬಿ ತೊಳೆದೆ.
ಬೀಗ ಈಗ ಹಂದಿಗೂಡಿಗಿದೆ. ಹಂದಿಗೆ ವಿವೇಕವಿಲ್ಲ.

ಹೊಗಳಿಕೊಳ್ಳಬಾರದು, ಸುಳ್ಳೂ ಹೇಳಬಾರದು:
ಹೊತ್ತಿಗೊಮ್ಮೆ ಅಳೆದ ಅಕ್ಕಿಯಿಂದ ಒಂದು ಹಿಡಿ
ಸಭೆಗೆಂದು ತೆಗೆದಿಟ್ಟಿದ್ದೇನೆ, ನಲವತ್ತಾರು ವರ್ಷ.
ಕೆಲವು ದಿನ ಹಿಡಿ ಬೇಕೆಂದೇ ಚಿಕ್ಕದಾಯಿತು.
ಬಿದಿರು ಹೂಬಿಟ್ಟು, ಇಲಿಗಳು ಹೊಲ ಮುಕ್ಕಿದ ವರ್ಷ
ಏಳು ಕಾಳು ಇಟ್ಟೆ. ಎಣಿಸಿಯೇ ಇಟ್ಟೆ.
ಏನು ಬಂತು? ಗಂಡ ಚಾಲ್ತುವಾಂಗ ನಲವತ್ತು ತುಂಬುವ ಮೊದಲೇ ಹೋದ.
ಕಿರಿಯವಳು ಜ್ವರದಲ್ಲಿ, ಮೂರೇ ದಿನ.
ಅಷ್ಟೂ ಹಿಡಿಗಳಿಗೆ ಒಬ್ಬರನ್ನೂ ಹಿಂದೆ ಕೊಡಲಿಲ್ಲ ಅವನು.
ಆ ಮಾತು ಅವನಿಗೂ ನನಗೂ ನಡುವೆ ಇನ್ನೂ ಮುಗಿದಿಲ್ಲ.
ನೀವು ಸಮಾಧಾನ ಹೇಳಬೇಡಿ.

ಹೋದ ಚಳಿಗಾಲ ಜಾರಿ ಬಿದ್ದು, ಕಾಲು ಮುರಿದು
ಐಜ್ವಾಲಿನ ಆಸ್ಪತ್ರೆಯಲ್ಲಿ ಐದು ವಾರ.
ಅಂಗಡಿ ಕುಸಿದಿರುತ್ತದೆ ಎಂದುಕೊಂಡೇ ಬಂದೆ.
ಹಲಗೆಯ ಮೇಲೆ ನಾನು ಬೆಳೆಯದ ಸೀಮೆಬದನೆ,
ನಾನು ಕಟ್ಟದ ಕಟ್ಟು, ನನ್ನದಲ್ಲದ ಅಕ್ಷರ.
ಡಬ್ಬಿ ಭಾರ.
ಯಾರು ಮಾಡಿದ್ದು ಎಂದರೆ ಊರಿಗೆ ಊರೇ ಆಕಳಿಸಿತು.
ಬೆಲೆ ಮಾತ್ರ ತೀರ ಕಡಿಮೆ ಬರೆದಿದ್ದರು, ಪೆದ್ದರು.

ಚಾಪೆಯ ಮೇಲೆ ಸುರಿದೆ. ನೋಟು, ನಾಣ್ಯ, ನಡುವೆ
ಒಂದು ಅಂಗಿಗುಂಡಿ. ಕಂದು ಬಣ್ಣ, ನಾಲ್ಕು ತೂತು.
ನಾಣ್ಯದಂತೆ ಸದ್ದು ಮಾಡಲೆಂದು ಹಾಕಿದ್ದು.
ನಗು ಬಂತು, ಆಮೇಲೆ ಬರಲಿಲ್ಲ.
ಸದ್ದಾದರೂ ಆಗಲಿ ಎನ್ನಿಸಿತ್ತಲ್ಲ ಅವನಿಗೆ,
ಯಾರೂ ಇಲ್ಲದ ಅಂಗಡಿಯಲ್ಲಿ
ಯಾರಿಗೆ ಕೇಳಿಸಲೆಂದು?

ಅದನ್ನೇ ಕೋಟಿಗೆ ಹೊಲಿದುಕೊಂಡೆ, ನೋಡಿ,
ಮೇಲಿನಿಂದ ಎರಡನೆಯದು. ಉಳಿದವೆಲ್ಲ ಕಪ್ಪು.
ಹೊಂದುವುದಿಲ್ಲ.
ಎದೆಗೆ ಗಾಳಿ ಹೊಗುವುದೂ ಇಲ್ಲ.

ಸಿಗುವುದೇನು ಎಂದಿರಲ್ಲ.
ನಿದ್ದೆ ಬರುತ್ತದೆ, ಪಾಸ್ಟರ್. ತಲೆ ಇಟ್ಟ ಕೂಡಲೇ.
ಟೀ ಆರಿಯೇ ಹೋಯಿತು, ಇರಲಿ, ಕುಡಿಯಿರಿ.
ಹೋಗುವಾಗ ಬಾಗಿಲು ಸುಮ್ಮನೆ ಮುಂದೆ ಎಳೆದುಕೊಳ್ಳಿ.
ಅಗುಳಿ ಹುಡುಕಬೇಡಿ.